ಉಗ್ರಾಣವೂ ಗಿರಣಿಯೂ: ಚಾರ್ಲ್ಸ್ ಬ್ಯಾಬೇಜನ ಜೀವನ

ಅಂಗಡಿಗೆ ಹೋಗಿ ಒಂದು ಕಂಪ್ಯೂಟರನ್ನು ಕೊಳ್ಳುವಾಗ, ಬಲ್ಲವರಾಗಲಿ ಬಲ್ಲದವರಾಗಲಿ, ಕಡೆಗೆ ಕೇಳುವ ಪ್ರಶ್ನೆಗಳು ಎರಡೇ. ಲೆಕ್ಕ ಮಾಡುವ ಭಾಗ ಎಷ್ಟು ಚುರುಕಾಗಿದೆ? ಕೂಡಿಡುವ ಭಾಗ ಎಷ್ಟು ಹಿಡಿಯುತ್ತದೆ? ಪ್ರಾಸೆಸರು, ಮೆಮೊರಿ, ಹಾರ್ಡ್ ಡಿಸ್ಕು ಎಂಬ ಹೆಸರುಗಳು ಈಚಿನವು. ಆದರೆ ಎಣಿಸುವ ಕೆಲಸವನ್ನೂ ಕೂಡಿಡುವ ಕೆಲಸವನ್ನೂ ಒಂದೇ ಯಂತ್ರದ ಎರಡು ಬೇರೆ ಬೇರೆ ಅಂಗಗಳಿಗೆ ಹಂಚಬೇಕೆಂದು ಯೋಚಿಸಿ, ಒಂದಕ್ಕೆ ಗಿರಣಿಯೆಂದೂ ಇನ್ನೊಂದಕ್ಕೆ ಉಗ್ರಾಣವೆಂದೂ ಹೆಸರಿಟ್ಟವನು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಒಬ್ಬ ಗಣಿತಜ್ಞ. ಅವನು ಆ ಯಂತ್ರವನ್ನು ಕಟ್ಟಲಿಲ್ಲ. ಅದಕ್ಕೆ ಮುಂಚೆ ಕೈಹಚ್ಚಿದ ಯಂತ್ರವನ್ನೂ ಮುಗಿಸಲಿಲ್ಲ. ಆದರೂ ಅವನ ಹೆಸರನ್ನು ಬಿಟ್ಟು ಗಣಕಯಂತ್ರದ ಚರಿತ್ರೆಯನ್ನು ಬರೆಯುವವರು ಯಾರೂ ಇಲ್ಲ. ಅವನೇ ಚಾರ್ಲ್ಸ್ ಬ್ಯಾಬೇಜ್.

ಬ್ಯಾಬೇಜನು 1791ನೆಯ ಇಸವಿ ಡಿಸೆಂಬರ್ 26ರಂದು ಲಂಡನ್ನಿನಲ್ಲಿ ಹುಟ್ಟಿದನು. ತಂದೆ ಬೆಂಜಮಿನ್ ಬ್ಯಾಬೇಜ್ ಲೇವಾದೇವಿಯ ವ್ಯವಹಾರದಲ್ಲಿ ಬಹಳ ಹಣ ಗಳಿಸಿದ್ದ ಬ್ಯಾಂಕರು. ಹುಡುಗನಿಗೆ ಆರೋಗ್ಯ ಅಷ್ಟಕ್ಕಷ್ಟೆ. ಆಟದ ಸಾಮಾನು ಯಾವುದು ಕೈಗೆ ಬಂದರೂ ಅದರ ಒಳಗೇನಿದೆಯೆಂದು ಕೇಳುವನು. ಉತ್ತರ ಸಮಾಧಾನವಾಗದಿದ್ದರೆ ಒಡೆದು ನೋಡುವನು. ಇಂಥ ಮಕ್ಕಳು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಒಡೆದ ಆಟದ ಸಾಮಾನಿಗೆ ಬದಲಾಗಿ ಇನ್ನೊಂದನ್ನು ಕೊಳ್ಳಬಲ್ಲ ತಂದೆತಾಯಿಗಳು ಮಾತ್ರ ಎಲ್ಲ ಮಕ್ಕಳಿಗೂ ಇರುವುದಿಲ್ಲ.

ಒಮ್ಮೆ ತಾಯಿಯು ಅವನನ್ನು ಮೆರ್ಲಿನ್ ಎಂಬ ಕುಶಲಿಯ ಯಂತ್ರಪ್ರದರ್ಶನಕ್ಕೆ ಕರೆದುಕೊಂಡು ಹೋದಳು. ಹುಡುಗನ ಆಸಕ್ತಿಯನ್ನು ಕಂಡ ಮೆರ್ಲಿನ್ ಅವನನ್ನು ಅಟ್ಟದ ಮೇಲಿನ ತನ್ನ ಕಾರ್ಯಾಗಾರಕ್ಕೆ ಕರೆದೊಯ್ದು, ಒಂದಡಿ ಎತ್ತರದ ಬೆಳ್ಳಿಯ ನರ್ತಕಿಯೊಂದನ್ನು ತೋರಿಸಿದನು. ಅವಳ ಬೆರಳಿನ ಮೇಲೆ ಒಂದು ಹಕ್ಕಿ. ಅದು ಬಾಲವನ್ನು ಅಲ್ಲಾಡಿಸಿ, ರೆಕ್ಕೆಯನ್ನು ಬಡಿದು, ಕೊಕ್ಕನ್ನು ತೆರೆಯುತ್ತಿತ್ತು. ಆ ಗೊಂಬೆ ಹುಡುಗನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಸುಮಾರು ಮೂರು ದಶಕಗಳ ತರುವಾಯ, 1834ರಲ್ಲಿ, ಅದೇ ನರ್ತಕಿ ಹಾಳಾದ ಸ್ಥಿತಿಯಲ್ಲಿ ಹರಾಜಿಗೆ ಬಂದಾಗ ಬ್ಯಾಬೇಜನು ಅದನ್ನು ಕೊಂಡು ತಂದು, ತನ್ನ ಕೈಯಾರೆ ದುರಸ್ತು ಮಾಡಿ, ನಡುಮನೆಯಲ್ಲಿ ಇರಿಸಿದನು. ಆ ಗೊಂಬೆಯ ಮಾತು ಮುಂದೆ ಮತ್ತೊಮ್ಮೆ ಬರುತ್ತದೆ.

1810ರಲ್ಲಿ ಕೇಂಬ್ರಿಜಿನ ಟ್ರಿನಿಟಿ ಕಾಲೇಜನ್ನು ಸೇರಿದಾಗ ಬ್ಯಾಬೇಜನು ಆಗಲೇ ಗಣಿತದಲ್ಲಿ ತನ್ನ ಅಧ್ಯಾಪಕರಿಗಿಂತ ಹೆಚ್ಚು ಓದಿಕೊಂಡಿದ್ದನು. ಕೇಂಬ್ರಿಜಿನವರು ನ್ಯೂಟನ್ನನ ಮೇಲಿನ ಭಕ್ತಿಯಿಂದ ಅವನ ಚುಕ್ಕೆಯ ಬರವಣಿಗೆಯನ್ನೇ ಹಿಡಿದುಕೊಂಡು ಕುಳಿತಿದ್ದರು. ಯೂರೋಪು ಖಂಡದಲ್ಲಿ ಲೈಬ್‌ನಿಟ್ಸನ ಸುಲಭವಾದ ಚಿಹ್ನೆಗಳು ನಡೆಯುತ್ತಿದ್ದವು. ಬ್ಯಾಬೇಜನೂ ಅವನ ಗೆಳೆಯರಾದ ಜಾನ್ ಹರ್ಷೆಲ್ ಮತ್ತು ಜಾರ್ಜ್ ಪೀಕಾಕ್‌ರೂ ಕೂಡಿ 1812ರಲ್ಲಿ ಅನಾಲಿಟಿಕಲ್ ಸೊಸೈಟಿ ಎಂಬ ಸಂಘವನ್ನು ಕಟ್ಟಿ ಆ ಚಿಹ್ನೆಗಳನ್ನು ಕೇಂಬ್ರಿಜಿಗೆ ತಂದರು. ಆಗ ಅವರಿಗೆ ನಮ್ಮದೇ ವಯಸ್ಸು. ವಿದ್ಯಾರ್ಥಿಸಂಘವೊಂದು ಪಠ್ಯಕ್ರಮವನ್ನು ತಿದ್ದಿದ ಉದಾಹರಣೆ ಬೇಕಾದವರಿಗೆ ಇದಕ್ಕಿಂತ ಒಳ್ಳೆಯದು ಸಿಕ್ಕಲಾರದು. 1814ರಲ್ಲಿ ಪದವಿ, ಅದೇ ವರ್ಷ ಜಾರ್ಜಿಯಾನಾ ವಿಟ್‌ಮೋರ್ ಎಂಬುವಳೊಡನೆ ವಿವಾಹ, 1816ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ. ಉದ್ಯೋಗ ಮಾತ್ರ ಇಲ್ಲ. ತಂದೆಯ ಹಣದ ಮೇಲೆ ಸಂಸಾರ.

ಅವನ ಬಾಳಿನ ದಿಕ್ಕನ್ನು ಬದಲಾಯಿಸಿದ ಸಂಗತಿ 1821ರದು. ಆ ಕಾಲದಲ್ಲಿ ಹಡಗು ನಡೆಸುವವನು, ನೆಲ ಅಳೆಯುವವನು, ವಿಮೆಯ ಲೆಕ್ಕ ಬರೆಯುವವನು, ನಕ್ಷತ್ರ ನೋಡುವವನು, ಎಲ್ಲರೂ ಅಚ್ಚಾದ ಕೋಷ್ಟಕಗಳನ್ನೇ ನಂಬಿದ್ದರು. ನಮ್ಮ ಹಿರಿಯ ಅಧ್ಯಾಪಕರು ತಾವು ಓದುವಾಗ ಬಳಸಿದ ಲಾಗ್ ಪುಸ್ತಕವನ್ನು ಮರೆತಿರಲಾರರು. ಅಂಥ ಪುಸ್ತಕಗಳಲ್ಲಿನ ಒಂದೊಂದು ಅಂಕಿಯನ್ನೂ ಮನುಷ್ಯರು ಕುಳಿತು ಎಣಿಸಬೇಕಾಗಿತ್ತು. ಬೇರೊಬ್ಬನು ನಕಲು ಮಾಡಬೇಕಾಗಿತ್ತು. ಮತ್ತೊಬ್ಬನು ಅಚ್ಚಿನ ಮೊಳೆ ಜೋಡಿಸಬೇಕಾಗಿತ್ತು. ಮೂರು ಕಡೆಯಲ್ಲಿಯೂ ತಪ್ಪು ನುಸುಳಲು ಬಾಗಿಲು ತೆರೆದೇ ಇತ್ತು. ಖಗೋಳಶಾಸ್ತ್ರದ ಸಲುವಾಗಿ ಇಬ್ಬರು ಬೇರೆ ಬೇರೆಯಾಗಿ ಎಣಿಸಿದ್ದ ಕೋಷ್ಟಕಗಳನ್ನು ಬ್ಯಾಬೇಜನೂ ಹರ್ಷೆಲನೂ ಎದುರುಬದುರಾಗಿ ಕುಳಿತು ಹೋಲಿಸುತ್ತಿದ್ದರು. ಪುಟ ತಿರುವಿದಷ್ಟೂ ತಪ್ಪುಗಳು. ಬೇಸತ್ತ ಬ್ಯಾಬೇಜನಿಗೆ, ಈ ಎಣಿಕೆಯನ್ನು ಹಬೆಯ ಯಂತ್ರವೊಂದು ಮಾಡುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ತೋರಿತು. ಅನೇಕರಿಗೆ ಇಂಥ ಆಸೆ ಬಂದು ಹೋಗುತ್ತದೆ. ಇವನಿಗೆ ಹೋಗಲಿಲ್ಲ.

ಉಪಾಯವೇನೋ ಸುಲಭವಾದದ್ದೇ. 1, 4, 9, 16, 25 ಎಂಬ ವರ್ಗಸಂಖ್ಯೆಗಳನ್ನು ಬರೆದುಕೊಂಡು ಒಂದರಿಂದೊಂದನ್ನು ಕಳೆಯಿರಿ: 3, 5, 7, 9 ಬರುತ್ತದೆ. ಮತ್ತೆ ಇವನ್ನು ಒಂದರಿಂದೊಂದು ಕಳೆದರೆ 2, 2, 2, ಅಲ್ಲಿಗೆ ನಿಂತಿತು. ಈಗ ಹಿಂದುಮುಂದಾಗಿ ಬನ್ನಿ. 9ಕ್ಕೆ 2 ಸೇರಿಸಿದರೆ 11. 25ಕ್ಕೆ 11 ಸೇರಿಸಿದರೆ 36. ಆರನ್ನು ಆರರಿಂದ ಗುಣಿಸದೆಯೇ ಉತ್ತರ ಬಂತು. ಹೀಗೆ ಎಂಥ ಬಹುಪದಿಯ ಕೋಷ್ಟಕವನ್ನಾದರೂ ಬರಿಯ ಕೂಡುವಿಕೆಯಿಂದ ತಯಾರು ಮಾಡಬಹುದು. ಕೂಡುವುದಕ್ಕೆ ಹಲ್ಲುಚಕ್ರಗಳು ಸಾಕು. ಫ್ರಾನ್ಸಿನಲ್ಲಿ ದ ಪ್ರೋನಿ ಎಂಬ ಅಧಿಕಾರಿ ಇದೇ ಉಪಾಯದಿಂದ, ಕೂಡುವುದು ಕಳೆಯುವುದು ಬಿಟ್ಟರೆ ಹೆಚ್ಚಿನ ಗಣಿತವನ್ನರಿಯದ ಅರುವತ್ತು ಎಂಬತ್ತು ಮಂದಿಯನ್ನು ಕೂರಿಸಿ ದೊಡ್ಡ ಕೋಷ್ಟಕಗಳನ್ನು ಮಾಡಿಸಿದ್ದನು. ಆ ಮಂದಿಯ ಜಾಗದಲ್ಲಿ ಬ್ಯಾಬೇಜನು ಹಿತ್ತಾಳೆಯನ್ನು ಕೂರಿಸಹೊರಟನು. ಉತ್ತರವನ್ನು ಯಂತ್ರವೇ ಅಚ್ಚಿಗೂ ಒತ್ತಬೇಕು. ನಡುವೆ ಮನುಷ್ಯನ ಕೈ ಬರಕೂಡದು.

1822ರಲ್ಲಿ ಚಿಕ್ಕದೊಂದು ಮಾದರಿ ಸಿದ್ಧವಾಯಿತು. ಖಗೋಳಶಾಸ್ತ್ರ ಸಂಘದವರು ಚಿನ್ನದ ಪದಕ ಕೊಟ್ಟರು. 1823ರಲ್ಲಿ ಸರ್ಕಾರವು ಮೊದಲ ಕಂತಾಗಿ 1,500 ಪೌಂಡುಗಳನ್ನು ಮಂಜೂರು ಮಾಡಿತು. ಎರಡು ಮೂರು ವರ್ಷಗಳಲ್ಲಿ ಮುಗಿಯುತ್ತದೆ ಎಂಬುದು ಬ್ಯಾಬೇಜನ ಅಂದಾಜು. ಮನೆ ಕಟ್ಟಿಸಿದವರಿಗೆ ಇಂಥ ಅಂದಾಜಿನ ಬೆಲೆ ಗೊತ್ತು.

ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಏಕೆಂದರೆ ಬ್ಯಾಬೇಜನ ಸೋಲಿಗೆ ಕಾರಣ ಕೊಡುವವರು ಬಹಳ ಮಂದಿ ಅವನ ಸಿಟ್ಟಿನ ಸ್ವಭಾವವನ್ನು ಮಾತ್ರ ಹೇಳಿ ಮುಗಿಸಿಬಿಡುತ್ತಾರೆ. ಇಂದು ನಮಗೆ ಕಂಪ್ಯೂಟರಿನ ಒಂದು ಭಾಗ ಕೆಟ್ಟರೆ ಅದೇ ಅಳತೆಯ ಬೇರೊಂದನ್ನು ಯಾವ ಊರಿನ ಅಂಗಡಿಯಿಂದಲಾದರೂ ತಂದು ಹಾಕಬಹುದು. ಡಿಸ್ಕನ್ನು ಮಾಡಿದವರು ಒಬ್ಬರು, ಪೆಟ್ಟಿಗೆಯನ್ನು ಮಾಡಿದವರು ಮತ್ತೊಬ್ಬರು. ಆದರೂ ತಿರುಪು ತಿರುಪಿನ ಜಾಗಕ್ಕೆ ಕೂರುತ್ತದೆ. ಬ್ಯಾಬೇಜನ ಕಾಲದಲ್ಲಿ ತಿರುಪಿಗೂ ಒಂದು ಗೊತ್ತಾದ ಅಳತೆ ಇರಲಿಲ್ಲ. ಒಂದು ಕಾರ್ಖಾನೆಯ ತಿರುಪು ಪಕ್ಕದ ಕಾರ್ಖಾನೆಯ ತೂತಿಗೆ ಹಿಡಿಸುತ್ತಿರಲಿಲ್ಲ. ಬ್ಯಾಬೇಜನ ಯಂತ್ರಕ್ಕೆ ಬೇಕಾದದ್ದು ಸುಮಾರು 25,000 ಬಿಡಿಭಾಗಗಳು. ಅವುಗಳಲ್ಲಿ ಎಷ್ಟೋ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಸರಿಸಮನಾಗಿರಬೇಕು. ಅಂಥ ಭಾಗಗಳನ್ನು ಮಾಡಬಲ್ಲ ಹತ್ಯಾರುಗಳನ್ನೇ ಮೊದಲು ಮಾಡಿಕೊಳ್ಳಬೇಕಾಗಿತ್ತು. ಈ ಕೆಲಸ ಜೋಸೆಫ್ ಕ್ಲೆಮೆಂಟ್ ಎಂಬ ಕುಶಲಿಯ ಪಾಲಿಗೆ ಬಂತು. ಈ ಕ್ಲೆಮೆಂಟನು ಒಬ್ಬ ಕೈಮಗ್ಗದ ನೇಕಾರನ ಮಗ, ಹೆಚ್ಚು ಓದಿದವನಲ್ಲ, ಆದರೆ ಲೋಹವನ್ನು ಅಳತೆಗೆ ಕೊರೆಯುವುದರಲ್ಲಿ ಆ ಕಾಲದ ಇಂಗ್ಲೆಂಡಿನ ಅಗ್ರಗಣ್ಯರಲ್ಲಿ ಒಬ್ಬ. ಅವನ ಕೈಕೆಳಗೆ ಕೆಲಸ ಮಾಡಿದ ಜೋಸೆಫ್ ವಿಟ್‌ವರ್ತನೇ ಮುಂದೆ 1841ರಲ್ಲಿ ತಿರುಪಿನ ಸುತ್ತುಗಳಿಗೆ ದೇಶಕ್ಕೆಲ್ಲ ಒಂದೇ ಅಳತೆಯನ್ನು ಸೂಚಿಸಿದವನು. ಬ್ಯಾಬೇಜನ ಯಂತ್ರ ಮುಗಿಯದಿದ್ದರೂ ಅದಕ್ಕೆ ಸುರಿದ ಹಣ ಪೂರ್ತಿ ನೀರುಪಾಲಾಗಲಿಲ್ಲವೆಂದು ನಾನು ಹೇಳುವುದು ಈ ಕಾರಣದಿಂದ.

ಈ ನಡುವೆ 1827 ಬಂದಿತು. ಆ ಒಂದೇ ವರ್ಷದಲ್ಲಿ ತಂದೆ ತೀರಿಕೊಂಡನು. ಚಾರ್ಲ್ಸ್ ಎಂಬ ಮಗ ತೀರಿಕೊಂಡನು. ಹೆಂಡತಿ ಜಾರ್ಜಿಯಾನಾ ತೀರಿಕೊಂಡಳು. ಆಗತಾನೆ ಹುಟ್ಟಿದ ಕೂಸೂ ಉಳಿಯಲಿಲ್ಲ. ಬ್ಯಾಬೇಜನಿಗೆ ಮೂವತ್ತೈದು ವರ್ಷ. ಹುಟ್ಟಿದ ಎಂಟು ಮಕ್ಕಳಲ್ಲಿ ಕಡೆಗೆ ಪ್ರಾಯಕ್ಕೆ ಬಂದು ನಿಂತವರು ಮೂವರು ಗಂಡುಮಕ್ಕಳು ಮಾತ್ರ. ತಂದೆಯ ಆಸ್ತಿ ಸುಮಾರು ಒಂದು ಲಕ್ಷ ಪೌಂಡು ಕೈಗೆ ಬಂದಿತು, ಮನೆ ಬರಿದಾಯಿತು. ಅವನು ಮಕ್ಕಳನ್ನು ಬಂಧುಗಳಲ್ಲಿ ಬಿಟ್ಟು ಯೂರೋಪಿನ ಪ್ರವಾಸಕ್ಕೆ ಹೊರಟುಹೋದನು. ಅಲ್ಲಿದ್ದಾಗಲೇ ಕೇಂಬ್ರಿಜಿನ ಲೂಕೇಸಿಯನ್ ಪ್ರಾಧ್ಯಾಪಕ ಪದವಿ ತನಗೆ ಬಂದಿದೆಯೆಂಬ ಸುದ್ದಿ ತಿಳಿಯಿತು. ನ್ಯೂಟನ್ನನು ಕುಳಿತಿದ್ದ ಪೀಠ ಅದು. 1828ರಿಂದ 1839ರ ತನಕ ಹನ್ನೊಂದು ವರ್ಷ ಆ ಪೀಠದಲ್ಲಿದ್ದು ಬ್ಯಾಬೇಜನು ಒಂದು ಪಾಠವನ್ನೂ ಮಾಡಲಿಲ್ಲ. ನಮ್ಮ ಅಧ್ಯಾಪಕರು ಇದನ್ನು ಓದಿ ಅಸೂಯೆಪಡದಿರಲಿ.

ಹಿಂದಿರುಗಿದ ಮೇಲೆ ಕೆಲಸ ಮತ್ತೆ ನಡೆಯಿತು. 1832ರಲ್ಲಿ ಯಂತ್ರದ ಎಣಿಸುವ ಅಂಗದ ಏಳನೆಯ ಒಂದು ಭಾಗವನ್ನು ಕ್ಲೆಮೆಂಟನು ಜೋಡಿಸಿಕೊಟ್ಟನು. ಸುಮಾರು ಎರಡು ಸಾವಿರ ಬಿಡಿಭಾಗಗಳ ಆ ತುಂಡು ಅಂದಿಗೆ ಸರಿಯಾಗಿ ನಡೆಯಿತು; ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿ ಇದೆ. ಮರುವರ್ಷವೇ ಜಗಳ. ಸರ್ಕಾರವು ಬ್ಯಾಬೇಜನ ಮನೆಯ ಬಳಿ ಬೆಂಕಿ ತಗುಲದಂಥ ಹೊಸ ಕಟ್ಟಡವನ್ನು ಕಟ್ಟಿಸಿ, ಕ್ಲೆಮೆಂಟನು ತನ್ನ ಕೆಲಸವನ್ನು ಅಲ್ಲಿಗೆ ಸಾಗಿಸಬೇಕೆಂದಿತು. ಕ್ಲೆಮೆಂಟನು ಅದಕ್ಕೆ ಪರಿಹಾರ ಕೇಳಿದನು. ಬ್ಯಾಬೇಜನು ಒಪ್ಪಲಿಲ್ಲ. ಕ್ಲೆಮೆಂಟನು ಆಳುಗಳನ್ನು ಕಳಿಸಿ ಕೈಕಟ್ಟಿ ಕುಳಿತನು. ಆ ಕಾಲದ ವಾಡಿಕೆಯೊಂದಿತ್ತು: ಕೆಲಸಕ್ಕೆ ಹಣ ಕೊಟ್ಟವರು ಯಾರೇ ಆಗಲಿ, ಕೆಲಸಗಾರನು ಮಾಡಿಕೊಂಡ ಹತ್ಯಾರು ಕೆಲಸಗಾರನದೇ. ಆದ್ದರಿಂದ ಸರ್ಕಾರದ ಹಣದಿಂದ ಆದ ಆ ಅಪೂರ್ವ ಹತ್ಯಾರುಗಳೆಲ್ಲ ಕ್ಲೆಮೆಂಟನ ಬಳಿಯೇ ಉಳಿದವು. ಬರೆದಿಟ್ಟವರು ಬಹುತೇಕ ಬ್ಯಾಬೇಜನ ಪಕ್ಷದವರು. ಕ್ಲೆಮೆಂಟನನ್ನು ಹಣದಾಸೆಯವನೆಂದು ಹೇಳುತ್ತಾರೆ. ಹತ್ಯಾರನ್ನು ನೆಚ್ಚಿ ಹೊಟ್ಟೆ ಹೊರೆಯುವ ಮನೆಯಲ್ಲಿ ಬೆಳೆದವನಾದ ನನಗೆ ಆ ತೀರ್ಪು ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ಒಂದು ಲಕ್ಷ ಪೌಂಡು ಪಿತ್ರಾರ್ಜಿತವಿದ್ದವನಿಗೆ ಯಂತ್ರವು ಆದರ್ಶ. ಕ್ಲೆಮೆಂಟನಿಗೆ ಅದು ವಾರದ ಬಟವಾಡೆ.

ಇಷ್ಟು ಹೊತ್ತಿಗೆ ಸರ್ಕಾರವು ಸುರಿದದ್ದು ಸುಮಾರು 17,000 ಪೌಂಡು. ಅದೇ ಕಾಲದಲ್ಲಿ, 1831ರಲ್ಲಿ, ರಾಬರ್ಟ್ ಸ್ಟೀವನ್‌ಸನ್ನನ ಕಾರ್ಖಾನೆಯವರು ಅಮೆರಿಕಕ್ಕೆ ಕಳಿಸಿದ ಜಾನ್ ಬುಲ್ ಎಂಬ ರೈಲು ಎಂಜಿನ್ನಿನ ಬೆಲೆ ಎಂಟುನೂರು ಪೌಂಡಿಗಿಂತ ಕಡಿಮೆ. ಇಪ್ಪತ್ತು ರೈಲು ಎಂಜಿನ್ನುಗಳ ಬೆಲೆಯಲ್ಲಿ ಒಂದು ಲೆಕ್ಕದ ಯಂತ್ರದ ಏಳನೆಯ ಒಂದು ಭಾಗ!

ಆಗ ಬ್ಯಾಬೇಜನು ಮಾಡಿದ ಕೆಲಸವೇ ಅವನಿಗೆ ಕೀರ್ತಿಯನ್ನೂ ಅಪಕೀರ್ತಿಯನ್ನೂ ತಂದದ್ದು. ಹಳೆಯ ಯಂತ್ರ ನಿಂತುಹೋಗಿದ್ದಾಗ, 1834ರಲ್ಲಿ, ಅವನಿಗೆ ಅದಕ್ಕಿಂತ ಬಹುಪಾಲು ಮೇಲಾದ ಇನ್ನೊಂದು ಯಂತ್ರ ಹೊಳೆಯಿತು. ಮೊದಲನೆಯದಕ್ಕೆ ಡಿಫರೆನ್ಸ್ ಎಂಜಿನ್ ಎಂದು ಹೆಸರು. ಅದು ಒಂದೇ ಬಗೆಯ ಲೆಕ್ಕವನ್ನು ಮಾಡಬಲ್ಲದು. ಎರಡನೆಯದಾದ ಅನಾಲಿಟಿಕಲ್ ಎಂಜಿನ್ನಿಗೆ ಯಾವ ಲೆಕ್ಕವನ್ನಾದರೂ ಹೇಳಿ ಮಾಡಿಸಬಹುದು. ಅದರಲ್ಲಿ ಸಂಖ್ಯೆಗಳನ್ನು ಇಟ್ಟುಕೊಳ್ಳಲು ಹಲ್ಲುಚಕ್ರಗಳ ಕಂಬಗಳ ಸಾಲು, ಅದೇ ಉಗ್ರಾಣ. ಅಲ್ಲಿಂದ ಸಂಖ್ಯೆಗಳು ಗಿರಣಿಗೆ ಬಂದು, ಬೀಸಿಸಿಕೊಂಡು, ಮತ್ತೆ ಉಗ್ರಾಣಕ್ಕೆ ಹೋಗಬೇಕು. ಏನನ್ನು ತರಬೇಕು, ಏನು ಮಾಡಬೇಕು ಎಂಬ ಆಜ್ಞೆಗಳು ತೂತು ಕೊರೆದ ರಟ್ಟಿನ ಕಾರ್ಡುಗಳಲ್ಲಿ. ಈ ಕಾರ್ಡುಗಳ ಉಪಾಯವನ್ನು ಬ್ಯಾಬೇಜನು ಫ್ರಾನ್ಸಿನ ಲಿಯಾನ್ ನಗರದ ರೇಷ್ಮೆ ಮಗ್ಗಗಳಿಂದ ತೆಗೆದುಕೊಂಡನು.

ಜೋಸೆಫ್ ಮಾರಿ ಜಕಾರ್ಡನು 1804ರ ಸುಮಾರಿಗೆ ಮಗ್ಗಕ್ಕೆ ಅಳವಡಿಸಿದ ಆ ಸಾಧನ ಇಂದಿಗೂ ನಮ್ಮ ದೊಡ್ಡಬಳ್ಳಾಪುರದ ಮಗ್ಗಗಳ ತಲೆಯ ಮೇಲೆ ಕುಳಿತಿದೆ. ನಮ್ಮ ತಂದೆಯವರು ಮೂವತ್ತು ವರ್ಷಗಳಿಂದ ಅದರ ಕೆಳಗೆ ಕೆಲಸ ಮಾಡಿದವರು. ತೂತಿದ್ದಲ್ಲಿ ಕೊಕ್ಕೆ ಹಾಸಿನ ಎಳೆಯನ್ನು ಎತ್ತುತ್ತದೆ. ತೂತಿಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಲಾಳಿ ನಡುವೆ ಹಾಯುತ್ತದೆ. ಹೀಗೆ ಒಂದೊಂದು ಕಾರ್ಡಿಗೆ ಒಂದೊಂದು ಹೊಕ್ಕು. ಸೆರಗಿನ ಮೇಲೆ ನವಿಲು ಮೂಡುವುದು ಈ ಉಂಟು ಇಲ್ಲಗಳ ಲೆಕ್ಕದಿಂದ. ತೂತನ್ನು 1 ಎಂದೂ ತೂತಿಲ್ಲದ್ದನ್ನು 0 ಎಂದೂ ಓದಿಕೊಂಡರೆ ನಮ್ಮ ಫೋನಿನೊಳಗಿನ ಹಾಡೂ ಅದೇ ಜಾತಿಯದು ಎಂದು ನಾನು ಹೇಳಿದಾಗ ತಂದೆಯವರು ನಗಲಿಲ್ಲ. ಹಾಗಾದರೆ ಆ ಹಾಡಿಗೆ ಎಷ್ಟು ಕಾರ್ಡು ಬೇಕಾದೀತು ಎಂದು ಕೇಳಿದರು. ಸರಿಯಾದ ಪ್ರಶ್ನೆ. ಬ್ಯಾಬೇಜನ ನಡುಮನೆಯ ಗೋಡೆಯ ಮೇಲೆ ಜಕಾರ್ಡನ ಒಂದು ಭಾವಚಿತ್ರ ತೂಗುತ್ತಿತ್ತು. ಬಂದವರೆಲ್ಲ ಅದನ್ನು ತಾಮ್ರದ ತಗಡಿನಿಂದ ಒತ್ತಿದ ಚಿತ್ರವೆಂದೇ ತಿಳಿಯುತ್ತಿದ್ದರು. ಅದು ರೇಷ್ಮೆಯಲ್ಲಿ ನೇಯ್ದದ್ದು; ಅದಕ್ಕೆ ಬೇಕಾದ ಕಾರ್ಡುಗಳು ಇಪ್ಪತ್ತುನಾಲ್ಕು ಸಾವಿರ.

ಬ್ಯಾಬೇಜನ ಉಗ್ರಾಣದ ಅಳತೆಯನ್ನೂ ನೋಡಿಬಿಡೋಣ. ಐವತ್ತು ಅಂಕಿಗಳ ಒಂದು ಸಾವಿರ ಸಂಖ್ಯೆಗಳನ್ನು ಅದು ಹಿಡಿಯಬೇಕೆಂದು ಅವನ ಎಣಿಕೆ. ಒಟ್ಟು ಐವತ್ತು ಸಾವಿರ ಅಂಕಿ. ಇಂದಿನ ಲೆಕ್ಕಕ್ಕೆ ತಿರುಗಿಸಿದರೆ ಸುಮಾರು 20 ಕಿಲೋಬೈಟು. ಸಾಧಾರಣ ಗುಣಮಟ್ಟದ ಎಂಪಿ3 ಹಾಡಿನಲ್ಲಿ ಒಂದೂಕಾಲು ಸೆಕೆಂಡು. ಗಾಯಕ ಉಸಿರೆಳೆದುಕೊಳ್ಳುವುದರೊಳಗೆ ಉಗ್ರಾಣ ತುಂಬಿಹೋಯಿತು! ನಮ್ಮ ವಿದ್ಯಾರ್ಥಿನಿಲಯದ ಗೆಳೆಯನೊಬ್ಬನು ಹಳೆಯ ಕಚೇರಿ ಕಂಪ್ಯೂಟರೊಂದನ್ನು ಕಡಿಮೆ ಬೆಲೆಗೆ ಕೊಂಡು, ಅದಕ್ಕೆ ನಾಲ್ಕು ಟೆರಾಬೈಟಿನ ಡಿಸ್ಕನ್ನು ಸೇರಿಸಿ, ತನ್ನ ಊರಿನ ಮನೆಯಲ್ಲಿ ಇಟ್ಟಿದ್ದಾನೆ. ಮನೆಯವರ ಹಾಡು, ಸಿನಿಮಾ, ಅಕ್ಕನ ಮದುವೆಯ ವಿಡಿಯೋ ಎಲ್ಲ ಅದರಲ್ಲಿದ್ದು, ಅಡಿಗೆಮನೆಯ ಫೋನಿಗೂ ನಡುಮನೆಯ ಟಿವಿಗೂ ವೈಫೈ ಮೂಲಕ ಹರಿದುಬರುತ್ತದೆ. ಇದನ್ನು ಮನೆಯ ಸರ್ವರ್ ಎನ್ನುತ್ತಾರೆ. ಆ ಒಂದು ಡಿಸ್ಕಿನಲ್ಲಿ ಬ್ಯಾಬೇಜನ ಉಗ್ರಾಣಗಳು ಹತ್ತೊಂಬತ್ತು ಕೋಟಿ ಹಿಡಿಯುತ್ತವೆ. ಇಂಥ ಯಂತ್ರವನ್ನು ಆರಿಸುವವರಿಗೆ ಅವನು ಹೇಳುವ ಬುದ್ಧಿಯೆಂದರೆ ಉಗ್ರಾಣಕ್ಕೂ ಗಿರಣಿಗೂ ಹಣವನ್ನು ಬೇರೆ ಬೇರೆ ಮಾಡಿ ಎಣಿಸಬೇಕೆಂಬುದೇ ಇರಬೇಕು. ಇಟ್ಟದ್ದನ್ನು ಇಟ್ಟಂತೆಯೇ ತೆಗೆದು ಬಡಿಸುವುದಾದರೆ ಗಿರಣಿ ಹಳೆಯದಾದರೂ ಸಾಕು; ಉಗ್ರಾಣ ದೊಡ್ಡದಿರಬೇಕು. ಸಿನಿಮಾವನ್ನು ಫೋನಿನ ಅಳತೆಗೆ ತಕ್ಕಂತೆ ಆ ಗಳಿಗೆಯಲ್ಲಿಯೇ ಬೇರೆ ರೂಪಕ್ಕೆ ತಿರುಗಿಸಬೇಕಾದರೆ ಮಾತ್ರ ಗಿರಣಿಗೂ ಶಕ್ತಿ ಬೇಕು.

ಬ್ಯಾಬೇಜನಿಗೆ ಗಿರಣಿಯ ಚುರುಕೇ ದೊಡ್ಡ ಚಿಂತೆಯಾಗಿತ್ತು. 999ಕ್ಕೆ 1 ಕೂಡಿದಾಗ ದಶಕ ಒಂದರಿಂದ ಒಂದಕ್ಕೆ ಏರುತ್ತ ಹೋಗಬೇಕಷ್ಟೆ. ಐವತ್ತು ಅಂಕಿಗಳಿದ್ದರೆ ಐವತ್ತು ಸಲ ಕಾಯಬೇಕು. ಹಾಗೆ ಕಾಯದೆ, ಎಲ್ಲೆಲ್ಲಿ ದಶಕ ಏರಬೇಕೆಂಬುದನ್ನು ಮುಂಚೆಯೇ ಕಂಡುಕೊಂಡು ಎಲ್ಲವನ್ನೂ ಒಟ್ಟಿಗೆ ಏರಿಸುವ ಕಟ್ಟನ್ನು ಅವನು ಕಂಡುಹಿಡಿದನು. ಇದಕ್ಕಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡನು. ಐವತ್ತು ಅಂಕಿಯ ಎರಡು ಸಂಖ್ಯೆಗಳ ಗುಣಾಕಾರ ಒಂದು ನಿಮಿಷದಲ್ಲಿ ಮುಗಿಯಬೇಕೆಂದು ಅವನ ಗುರಿ. ಇಂದಿನ ಪ್ರಾಸೆಸರುಗಳಲ್ಲಿಯೂ ದಶಕ ಏರುವುದನ್ನು ಮುಂಚಿತವಾಗಿ ಕಾಣುವ ಇಂಥ ಉಪಾಯವೇ ಬೇರೆ ರೂಪದಲ್ಲಿ ಕೆಲಸ ಮಾಡುತ್ತದೆ.

ಈ ಯಂತ್ರದ ಹಿರಿಮೆ ಇಂಗ್ಲೆಂಡಿನಲ್ಲಿ ಬಹಳ ಮಂದಿಗೆ ತಿಳಿಯಲಿಲ್ಲ. 1840ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಬ್ಯಾಬೇಜನು ಅದನ್ನು ವಿವರಿಸಿದಾಗ ಕೇಳಿದವರಲ್ಲಿ ಮೆನಾಬ್ರಿಯಾ ಎಂಬ ತರುಣ ಎಂಜಿನಿಯರನು ಅದರ ವರ್ಣನೆಯನ್ನು ಫ್ರೆಂಚಿನಲ್ಲಿ ಬರೆದು 1842ರಲ್ಲಿ ಪ್ರಕಟಿಸಿದನು. ಅದನ್ನು ಇಂಗ್ಲಿಷಿಗೆ ತಂದವಳು ಕವಿ ಬೈರನ್ನನ ಮಗಳಾದ ಏಡಾ ಲವ್ಲೇಸ್. 1843ರಲ್ಲಿ ಅಚ್ಚಾದ ಆ ಅನುವಾದಕ್ಕೆ ಆಕೆ ಸೇರಿಸಿದ ಟಿಪ್ಪಣಿಗಳು ಮೂಲಲೇಖನದ ಮೂರರಷ್ಟಾದವು. ಬರ್ನೂಲಿ ಸಂಖ್ಯೆಗಳನ್ನು ಆ ಯಂತ್ರ ಹೇಗೆ ಎಣಿಸಬೇಕೆಂಬ ಹಂತಹಂತದ ಪಟ್ಟಿ ಅಲ್ಲಿದೆ. ಅದರಲ್ಲಿ ಬ್ಯಾಬೇಜನ ಪಾಲೆಷ್ಟು ಏಡಾಳ ಪಾಲೆಷ್ಟು ಎಂದು ವಿದ್ವಾಂಸರು ವಾದಿಸುತ್ತಾರೆ. ನನಗೆ ಅದಕ್ಕಿಂತಲೂ ದೊಡ್ಡದಾಗಿ ಕಾಣುವುದು ಆಕೆಯ ಇನ್ನೊಂದು ಮಾತು. ನಾದಗಳ ಪರಸ್ಪರ ಸಂಬಂಧವನ್ನು ಅಂಕಿಗಳಂತೆ ಬರೆಯುವುದು ಸಾಧ್ಯವಾದರೆ ಈ ಯಂತ್ರವು ಸಂಗೀತವನ್ನೂ ರಚಿಸೀತು ಎಂದು ಆಕೆ ಸೂಚಿಸಿದಳು. ಯಂತ್ರವನ್ನು ಕಲ್ಪಿಸಿದವನು ಅದರಲ್ಲಿ ಸಂಖ್ಯೆಯನ್ನು ಮಾತ್ರ ಕಂಡನು. ಸಂಖ್ಯೆಯ ಹಿಂದೆ ಹಾಡೂ ಇರಬಹುದೆಂದು ಕಂಡವಳು ಆಕೆ. 1852ರಲ್ಲಿ ಮೂವತ್ತಾರನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು.

ಸರ್ಕಾರದೊಡನೆ ನಡೆದ ವ್ಯವಹಾರವನ್ನು ಸಂಕ್ಷೇಪವಾಗಿ ಹೇಳಬಹುದು. ಹಳೆಯ ಯಂತ್ರವನ್ನು ಮುಗಿಸಬೇಕೋ, ಹೊಸದನ್ನು ಹಿಡಿಯಬೇಕೋ ಎಂದು ಬ್ಯಾಬೇಜನು ವರ್ಷಗಟ್ಟಲೆ ಕೇಳುತ್ತ ಹೋದನು. ಹಣ ಕೊಟ್ಟವರಿಗೆ ಇದು ಹೇಗೆ ಕೇಳಿಸಿರಬೇಕೆಂದು ಊಹಿಸಿಕೊಳ್ಳಿ. ರಾಜ್ಯದ ಖಗೋಳಶಾಸ್ತ್ರಜ್ಞನಾದ ಏರಿಯು ಯಂತ್ರದಿಂದ ಪ್ರಯೋಜನವಿಲ್ಲವೆಂದು ಅಭಿಪ್ರಾಯ ಕೊಟ್ಟನು. 1842ರ ನವೆಂಬರಿನಲ್ಲಿ ಪ್ರಧಾನಿ ರಾಬರ್ಟ್ ಪೀಲನು ಕೈಬಿಟ್ಟನು. ಬ್ಯಾಬೇಜನು ಅವನನ್ನು ಕಾಣಲು ಹೋಗಿ, ತನಗಾದ ಅನ್ಯಾಯಗಳನ್ನೆಲ್ಲ ಎಣಿಸಿ ಹೇಳಿ, ಕೆಟ್ಟ ಮನಸ್ಸಿನಿಂದ ಹಿಂದಿರುಗಿದನು. ಬೇಡುವ ಕಲೆ ಅವನಿಗೆ ಬಾರದು. ಆದರೂ ಕೈಕಟ್ಟಿ ಕೂರಲಿಲ್ಲ. 1846ರಿಂದ 1849ರವರೆಗೆ, ಹೊಸ ಯಂತ್ರಕ್ಕಾಗಿ ಕಲಿತದ್ದನ್ನೆಲ್ಲ ಹಳೆಯದಕ್ಕೆ ಹಾಕಿ, ಎರಡನೆಯ ಡಿಫರೆನ್ಸ್ ಎಂಜಿನ್ನಿನ ನಕ್ಷೆಗಳನ್ನು ಬರೆಸಿದನು. ಮೊದಲನೆಯದಕ್ಕೆ ಬೇಕಾದ ಭಾಗಗಳ ಮೂರನೆಯ ಒಂದು ಪಾಲಿನಲ್ಲಿ ಅದಕ್ಕಿಂತ ಹೆಚ್ಚಿನ ಕೆಲಸ! 1852ರಲ್ಲಿ ಅದನ್ನು ಸರ್ಕಾರಕ್ಕೆ ಒಪ್ಪಿಸಹೋದಾಗ ಅದನ್ನೂ ಒಲ್ಲೆವೆಂದರು.

ಅಷ್ಟರಲ್ಲಿ ಸ್ವೀಡನ್ನಿನ ಗೆಯೋರ್ಗ್ ಶ್ಯೂಟ್ಸ್ ಎಂಬ ಮುದ್ರಕನೂ ಅವನ ಮಗ ಎಡ್ವರ್ಡನೂ ಬ್ಯಾಬೇಜನ ಯಂತ್ರದ ವಿವರವನ್ನು ಪತ್ರಿಕೆಯೊಂದರಲ್ಲಿ ಓದಿ, ತಮ್ಮದೇ ರೀತಿಯಲ್ಲಿ ಸರಳವಾದದ್ದೊಂದನ್ನು ಮಾಡಿ 1853ರಲ್ಲಿ ಮುಗಿಸಿಬಿಟ್ಟರು. ಬ್ಯಾಬೇಜನು ಬಯಸಿದ ಅಚ್ಚುಕಟ್ಟು ಅದರಲ್ಲಿ ಇರಲಿಲ್ಲ. ಆದರೆ ಅದು ನಡೆಯಿತು, ಅಚ್ಚೂ ಒತ್ತಿತು. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆಯಿತು. ಎಲ್ಲರೊಡನೆ ಜಗಳವಾಡುತ್ತಿದ್ದ ಬ್ಯಾಬೇಜನು ಇವರೊಡನೆ ಮಾತ್ರ ಜಗಳವಾಡಲಿಲ್ಲ. ಅವರನ್ನು ಎಲ್ಲರೆದುರಿಗೆ ಹೊಗಳಿದನು, ಅವರಿಗೆ ನೆರವಾದನು. ಅವನ ಜೀವನದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು.

ಶನಿವಾರದ ಸಂಜೆಗಳಲ್ಲಿ ಬ್ಯಾಬೇಜನ ಮನೆಯಲ್ಲಿ ಲಂಡನ್ನಿನ ಗಣ್ಯರೆಲ್ಲ ಸೇರುತ್ತಿದ್ದರು. ಒಂದು ಕೋಣೆಯಲ್ಲಿ ಬೆಳ್ಳಿಯ ನರ್ತಕಿ. ಪಕ್ಕದ ಕೋಣೆಯಲ್ಲಿ ಲೆಕ್ಕದ ಯಂತ್ರದ ತುಂಡು. ಜನರೆಲ್ಲ ನರ್ತಕಿಯ ಸುತ್ತ. ಯಂತ್ರದ ಬಳಿ ಪರದೇಶದವರು ಒಬ್ಬಿಬ್ಬರು ಮಾತ್ರ. ಇದನ್ನು ಅವನೇ ನೋವಿನಿಂದ ಬರೆದಿಟ್ಟಿದ್ದಾನೆ. ಮನೆಯಲ್ಲಿ ಕಂಪ್ಯೂಟರಿದ್ದರೆ ಜನ ಅದರಲ್ಲಿ ಲೆಕ್ಕ ನೋಡುವರೋ ನರ್ತನ ನೋಡುವರೋ ಎಂಬುದಕ್ಕೆ ಉತ್ತರ ಆಗಲೇ ದೊರೆತಿತ್ತು.

ಮುಪ್ಪಿನಲ್ಲಿ ಅವನಿಗೆ ಬೀದಿಯ ಸಂಗೀತಗಾರರೊಡನೆ ದೊಡ್ಡ ಯುದ್ಧವೇ ನಡೆಯಿತು. ಮ್ಯಾರಿಲಿಬೋನಿನ ಡಾರ್ಸೆಟ್ ಬೀದಿಯ ಅವನ ಮನೆಯೆದುರು ಕೈ ಆರ್ಗನ್ನಿನವರು, ತುತ್ತೂರಿಯವರು ಬಂದು ನಿಂತು ಅವನ ಎಣಿಕೆಯನ್ನು ಕೆಡಿಸುತ್ತಿದ್ದರು. ಅಂಕಿಗಳ ಮನುಷ್ಯನಾದ್ದರಿಂದ ಅವನು ಇದನ್ನೂ ಎಣಿಸಿದನು: ಮೂರು ತಿಂಗಳೊಳಗೆ 165 ಸಲ ತೊಂದರೆ. ಪೊಲೀಸರನ್ನು ಕರೆದನು, ನ್ಯಾಯಾಲಯಕ್ಕೆ ಹೋದನು, ಕಿರುಪುಸ್ತಕ ಬರೆದನು. ಇದರಿಂದ ರೇಗಿದ ನೆರೆಹೊರೆಯವರು ವಾದ್ಯದವರಿಗೆ ಹಣ ಕೊಟ್ಟು ಅವನ ಕಿಟಕಿಯ ಕೆಳಗೆ ನಿಲ್ಲಿಸಿದರು; ಬೀದಿಯ ಹುಡುಗರು ಅವನು ಹೊರಗೆ ಕಾಲಿಟ್ಟರೆ ಕೂಗುತ್ತ ಹಿಂದೆ ಹೋದರು; ಬಾಗಿಲಿಗೆ ಸತ್ತ ಬೆಕ್ಕುಗಳು ಬಂದು ಬಿದ್ದವು. 1864ರಲ್ಲಿ ಪಾರ್ಲಿಮೆಂಟು ಬೀದಿ ಸಂಗೀತದ ಮೇಲೆ ಕಾನೂನು ಮಾಡಿತು. ಆದರೂ ಗದ್ದಲ ನಿಲ್ಲಲಿಲ್ಲ. ಹಗಲೆಲ್ಲ ಮಗ್ಗಗಳು ಬಡಿದುಕೊಳ್ಳುವ ನಮ್ಮ ಬೀದಿಯಲ್ಲಿ ಬ್ಯಾಬೇಜನು ಒಂದು ದಿನ ಬದುಕಿರುತ್ತಿರಲಿಲ್ಲ. ವಿನೋದವೇನೆಂದರೆ, ಆ ಕೈ ಆರ್ಗನ್ನಿನೊಳಗೆ ತಿರುಗುವುದು ಮೊಳೆಗಳನ್ನು ನೆಟ್ಟ ಒಂದು ಉರುಳೆ. ಮೊಳೆಗಳ ಜಾಗ ಬದಲಾದರೆ ರಾಗವೂ ಬದಲಾಗುತ್ತದೆ. ಅನಾಲಿಟಿಕಲ್ ಎಂಜಿನ್ನಿನ ಗಿರಣಿಯನ್ನು ಹೆಜ್ಜೆಹೆಜ್ಜೆಯಾಗಿ ನಡೆಸಲು ಬ್ಯಾಬೇಜನು ನಕ್ಷೆಯಲ್ಲಿ ಇರಿಸಿದ್ದೂ ಮೊಳೆಗಳನ್ನು ನೆಟ್ಟ ಅಂಥ ಉರುಳೆಗಳನ್ನೇ.

1871ರ ಅಕ್ಟೋಬರ್ 18ರಂದು ಅವನು ಆ ಮನೆಯಲ್ಲಿಯೇ ತೀರಿಕೊಂಡನು. ಶವದ ಹಿಂದೆ ಹೋದವರು ಬಹಳ ಕಡಿಮೆ. ಮಿದುಳನ್ನು ವಿದ್ಯೆಗಾಗಿ ತೆಗೆದಿಟ್ಟರು; ಅದರ ಒಂದರ್ಧ ಲಂಡನ್ನಿನ ಹಂಟೇರಿಯನ್ ಸಂಗ್ರಹಾಲಯಕ್ಕೂ ಮತ್ತರ್ಧ ವಿಜ್ಞಾನ ಸಂಗ್ರಹಾಲಯಕ್ಕೂ ಸೇರಿದೆ.

ಕಡೆಯ ಮಗ ಹೆನ್ರಿ ನಮ್ಮ ದೇಶದಲ್ಲಿ ಬಂಗಾಳದ ಸೈನ್ಯದ ಅಧಿಕಾರಿಯಾಗಿ ಅನೇಕ ವರ್ಷ ಇದ್ದವನು. ಊರಿಗೆ ಹಿಂದಿರುಗಿ, ತಂದೆ ಬಿಟ್ಟುಹೋದ ಚಕ್ರಗಳನ್ನು ಹೆಕ್ಕಿ, ಡಿಫರೆನ್ಸ್ ಎಂಜಿನ್ನಿನ ಕೆಲವು ಚಿಕ್ಕ ಮಾದರಿಗಳನ್ನು ಜೋಡಿಸಿದನು. ಉಳಿದ ಸಾವಿರಾರು ಭಾಗಗಳು ಗುಜರಿಯಾಗಿ ಕರಗಿಹೋದವು. ಮಾದರಿಗಳಲ್ಲಿ ಒಂದು ಅಮೆರಿಕದ ಹಾರ್ವರ್ಡಿಗೆ ಹೋಯಿತು. ಅಲ್ಲಿ 1930ರ ದಶಕದಲ್ಲಿ ಅದನ್ನು ಕಂಡ ಹೊವರ್ಡ್ ಏಕೆನ್ ಮುಂದೆ ಹಾರ್ವರ್ಡಿನ ದೊಡ್ಡ ಗಣಕಯಂತ್ರವನ್ನು ಕಲ್ಪಿಸಿದನು. 1910ರಲ್ಲಿ, ಎಂಬತ್ತು ದಾಟಿದ್ದ ಹೆನ್ರಿಯು ಅನಾಲಿಟಿಕಲ್ ಎಂಜಿನ್ನಿನ ಗಿರಣಿಯ ಒಂದು ಭಾಗವನ್ನೂ ಮುಗಿಸಿದನು. ಉಗ್ರಾಣವನ್ನಾಗಲಿ ಇಡೀ ಯಂತ್ರವನ್ನಾಗಲಿ ಇಂದಿಗೂ ಯಾರೂ ಕಟ್ಟಿಲ್ಲ.

ಆದರೆ 1852ರಲ್ಲಿ ಸರ್ಕಾರ ಒಲ್ಲೆನೆಂದ ಯಂತ್ರದ ನಕ್ಷೆಗಳು ಹಾಳಾಗದೆ ಉಳಿದಿದ್ದವು. ಡೊರಾನ್ ಸ್ವೇಡ್ ಎಂಬುವರ ಮುಂದಾಳ್ತನದಲ್ಲಿ ಲಂಡನ್ನಿನ ವಿಜ್ಞಾನ ಸಂಗ್ರಹಾಲಯದವರು ಬ್ಯಾಬೇಜನ ಇನ್ನೂರನೆಯ ಹುಟ್ಟುಹಬ್ಬದ ವರ್ಷವಾದ 1991ರಲ್ಲಿ ಅದರ ಎಣಿಸುವ ಅಂಗವನ್ನು ಕಟ್ಟಿ ಮುಗಿಸಿದರು. ಹೊಸ ಯಂತ್ರಗಳಿಂದ ಭಾಗಗಳನ್ನು ಮಾಡಿದರೂ, ಕ್ಲೆಮೆಂಟನ ಕಾಲದವರು ಸಾಧಿಸಬಹುದಾಗಿದ್ದ ಅಳತೆಗಿಂತ ನಯವಾಗಿ ಮಾಡಲಿಲ್ಲ. ನಕ್ಷೆಯಲ್ಲಿ ಒಂದೆರಡು ಕಡೆ ತಿದ್ದಬೇಕಾಯಿತು. ಹಿಡಿ ತಿರುಗಿಸಿದಾಗ ಮೂವತ್ತೊಂದು ಅಂಕಿಗಳ ಉತ್ತರ ಸರಿಯಾಗಿ ಬಂತು. ಮುದ್ರಿಸುವ ಅಂಗಕ್ಕೆ ಮತ್ತೆ ಹತ್ತು ವರ್ಷ ಬೇಕಾಯಿತು. 2002ರಲ್ಲಿ ಅದೂ ಸೇರಿ ಎಂಟು ಸಾವಿರ ಭಾಗಗಳ, ಐದು ಟನ್ ತೂಕದ ಯಂತ್ರ ಪೂರ್ತಿಯಾಯಿತು. ಈಗ ಒಬ್ಬ ಮನುಷ್ಯ ನಿಂತು ಹಿಡಿಯನ್ನು ಸುತ್ತಿದರೆ, ಕಾಗದದ ಮೇಲೆ ಶಾಯಿಯಲ್ಲಿಯೂ, ಅಚ್ಚಿಗಾಗಿ ಮೆತ್ತಗಿನ ಹಲಗೆಯ ಮೇಲೂ ಅಂಕಿಗಳು ಒಟ್ಟಿಗೆ ಮೂಡುತ್ತವೆ. ಸಾಲುಗಳ ನಡುವೆ ಎಷ್ಟು ಜಾಗ ಬಿಡಬೇಕು, ಪುಟಕ್ಕೆ ಎಷ್ಟು ಕಂಬಸಾಲುಗಳಿರಬೇಕು ಎಂಬುದನ್ನೂ ಮುಂಚೆಯೇ ಹೇಳಿಡಬಹುದು.